ವೈದ್ಯಕೀಯ ವಿಶ್ವವಿದ್ಯಾಲಯವೊಂದು ಹೇಗೆ ಕಲಿಸಬೇಕು? ವಿಜಯಪುರದ ನೆಲೆಯಿಂದ ಒಂದು ವಿಮರ್ಶೆ

ಒಂದು ವೈದ್ಯಕೀಯ ವಿಶ್ವವಿದ್ಯಾಲಯ ಒಳ್ಳೆಯದೋ ಅಲ್ಲವೋ ಎಂಬುದನ್ನು ನಾವು ಸಾಮಾನ್ಯವಾಗಿ ಯಾವುದರಿಂದ ಅಳೆಯುತ್ತೇವೆ? ಕಟ್ಟಡಗಳಿಂದ, ಹಾಸಿಗೆಗಳ ಸಂಖ್ಯೆಯಿಂದ, ಯಂತ್ರಗಳಿಂದ, ರ್‍ಯಾಂಕುಗಳಿಂದ. ಇವೆಲ್ಲ ಕಣ್ಣಿಗೆ ಕಾಣುವಂಥವು, ಎಣಿಕೆಗೆ ಸಿಗುವಂಥವು. ಅಲ್ಲಿ ಕಲಿಕೆ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೆ ಆಲಮೇಲದ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಸಿಂದಗಿಗೋ ವಿಜಯಪುರಕ್ಕೋ ಬರುವ ಕೂಲಿಕಾರನ ಪಾಲಿಗೆ ಆ ಪ್ರಶ್ನೆಯೊಂದೇ ಮುಖ್ಯ. ಅವನ ಮುಂದೆ ನಿಲ್ಲುವ ಎಳೆಯ ವೈದ್ಯನಿಗೆ ಏನು ಗೊತ್ತು ಎಂಬುದಕ್ಕಿಂತ ಅವನು ಏನು ಮಾಡಬಲ್ಲ ಎಂಬುದರ ಮೇಲೆ ಆ ಜೀವ ನಿಂತಿದೆ.

ಈ ಲೇಖನ ಶಿಕ್ಷಕರಾದ ನಿಮಗೆ ಮತ್ತು ವಿಜ್ಞಾನ ವಿದ್ಯಾರ್ಥಿಗಳಾದ ನಿಮಗೆ. ನಿಮ್ಮಲ್ಲಿ ಕೆಲವರು ನಾಳೆ ನೀಟ್ ಪರೀಕ್ಷೆ ಬರೆಯುವವರು. ಕೆಲವರು ಅಂಥವರನ್ನು ತಯಾರು ಮಾಡುವವರು. ನಾವೆಲ್ಲರೂ ಒಂದಲ್ಲ ಒಂದು ದಿನ ರೋಗಿಗಳು. ಆದ್ದರಿಂದ ನಮ್ಮ ಹತ್ತಿರದ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಖಾಸಗಿ ವೈದ್ಯಕೀಯ ವಿಶ್ವವಿದ್ಯಾಲಯಗಳ ಬೋಧನಾ ಕ್ರಮವನ್ನು ಪರಿಶೀಲಿಸೋಣ. ಆ ನಿದರ್ಶನ ವಿಜಯಪುರದ ಬಿ.ಎಲ್.ಡಿ.ಇ. ಇಲ್ಲಿ ಹೇಳುವ ಮಾತುಗಳು ಬಹುಮಟ್ಟಿಗೆ ಮಣಿಪಾಲ, ಬೆಳಗಾವಿ, ಮೈಸೂರು, ಕೋಲಾರ, ಮಂಗಳೂರುಗಳ ಇಂಥ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತವೆ.

1910: ಎರಡು ಘಟನೆಗಳು

1910ರಲ್ಲಿ ಎರಡು ಸಂಗತಿಗಳು ನಡೆದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಇಂದು ಅವೆರಡನ್ನೂ ಒಟ್ಟಿಗೆ ನೋಡುವುದರಿಂದ ಪ್ರಯೋಜನವಿದೆ.

ಮೊದಲನೆಯದು ಬಿಜಾಪುರದಲ್ಲಿ ನಡೆದದ್ದು. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ಬಿಜಾಪುರ ಜಿಲ್ಲೆಯಲ್ಲಿ ವಿದ್ಯೆ ಹರಡಲೆಂದು ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಿದರು. ವಚನಗಳ ತಾಳೆಗರಿಗಳನ್ನು ಹುಡುಕಿ, ಸಂಪಾದಿಸಿ, ಮುದ್ರಿಸಿದವರು ಇವರೇ. ಅದಕ್ಕಾಗಿ 1925ರಲ್ಲಿ ಸ್ವಂತ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಪ್ರಾರಂಭಿಸಿದರು. ಈ ಸಂಸ್ಥೆಯ ಆಶ್ರಯದಲ್ಲಿ 1986ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 2008ರಲ್ಲಿ ಅದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು ಅದರ ಮುಖ್ಯ ಅಂಗ.

ಎರಡನೆಯದು ಅಮೆರಿಕದಲ್ಲಿ ನಡೆದದ್ದು. ಅಬ್ರಹಾಂ ಫ್ಲೆಕ್ಸ್‌ನರ್ ಎಂಬವರು ಅಮೆರಿಕ ಮತ್ತು ಕೆನಡಾಗಳ 155 ವೈದ್ಯಕೀಯ ಶಾಲೆಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದರು. ಶಿಕ್ಷಕರು ಗಮನಿಸಬೇಕಾದ ಸಂಗತಿ ಏನೆಂದರೆ, ಫ್ಲೆಕ್ಸ್‌ನರ್ ವೈದ್ಯರಲ್ಲ. ಶಾಲೆ ನಡೆಸಿದ ಉಪಾಧ್ಯಾಯರು. ಅವರು ನೋಡಿದ ಬಹಳಷ್ಟು ಶಾಲೆಗಳು ಕೆಲವು ವೈದ್ಯರು ಸೇರಿ ಲಾಭಕ್ಕಾಗಿ ನಡೆಸುತ್ತಿದ್ದಂಥವು. ವಿದ್ಯಾರ್ಥಿಗಳ ಶುಲ್ಕ ಉಪನ್ಯಾಸಕರಲ್ಲಿ ಹಂಚಿಕೆಯಾಗುತ್ತಿತ್ತು. ಪ್ರಯೋಗಾಲಯ ಹೆಸರಿಗೆ ಮಾತ್ರ. ಆಸ್ಪತ್ರೆಯ ಸಂಪರ್ಕವೇ ಇಲ್ಲದ ಶಾಲೆಗಳೂ ಇದ್ದವು. ಫ್ಲೆಕ್ಸ್‌ನರ್ ಕೇಳಿದ ಪ್ರಶ್ನೆಗಳು ಸರಳ: ಪ್ರವೇಶಕ್ಕೆ ಬೇಕಾದ ಅರ್ಹತೆ ಏನು? ಶಿಕ್ಷಕರು ಎಷ್ಟು, ಎಂಥವರು? ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಪ್ರಯೋಗಾಲಯ ಹೇಗಿದೆ? ವಿದ್ಯಾರ್ಥಿಗೆ ರೋಗಿ ಸಿಗುತ್ತಾನೆಯೆ?

ಈ ವರದಿಗೆ ಇನ್ನೊಂದು ಮುಖವೂ ಇದೆ. ಅದರ ಪರಿಣಾಮವಾಗಿ ಕರಿಯರಿಗಾಗಿ ಇದ್ದ ಏಳು ವೈದ್ಯಕೀಯ ಶಾಲೆಗಳಲ್ಲಿ ಐದು ಮುಚ್ಚಿಹೋದವು. ಗುಣಮಟ್ಟ ಏರಿತು, ಆದರೆ ಬಡವರಿಗೂ ಹಿಂದುಳಿದವರಿಗೂ ಬಾಗಿಲು ಕಿರಿದಾಯಿತು. ಗುಣಮಟ್ಟ ಹೆಚ್ಚಿಸುವಾಗ ಯಾರು ಹೊರಗುಳಿಯುತ್ತಾರೆ ಎಂಬುದನ್ನೂ ನೋಡಬೇಕು ಎಂಬ ಪಾಠ ಇದರಲ್ಲಿದೆ. ಈ ಮಾತಿಗೆ ಮುಂದೆ ಮತ್ತೆ ಬರೋಣ.

ಡೀಮ್ಡ್ ಎಂದರೆ ಏನು?

ಮಣಿಪಾಲದಲ್ಲಿ ಟಿ. ಎಂ. ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಖಾಸಗಿಯವರು ವೈದ್ಯಕೀಯ ಕಾಲೇಜು ನಡೆಸುವುದು ಹೊಸ ಸಾಹಸವಾಗಿತ್ತು. ಬೆಳಗಾವಿ ಮತ್ತು ಕಲಬುರ್ಗಿಗಳಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ ಖಾಸಗಿ ಕಾಲೇಜುಗಳು ಬಂದವು. ಬಿಜಾಪುರದಲ್ಲಿ 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಕಾಲೇಜುಗಳು ಪ್ರಾರಂಭವಾದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಬಹುತೇಕ ವೈದ್ಯಕೀಯ ಕಾಲೇಜುಗಳಿಗೆ ಒಂದೇ ಪ್ರಶ್ನಪತ್ರಿಕೆ, ಒಂದೇ ಫಲಿತಾಂಶಪಟ್ಟಿ ಬಂತು.

ಡೀಮ್ಡ್ ಸ್ಥಾನ ಈ ವ್ಯವಸ್ಥೆಯಿಂದ ಹೊರಬರುವ ದಾರಿ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ 3ನೆಯ ವಿಧಿಯಡಿ ಕೇಂದ್ರ ಸರ್ಕಾರ ಒಂದು ಸಂಸ್ಥೆಯನ್ನು ವಿಶ್ವವಿದ್ಯಾಲಯವೆಂದು ಪರಿಗಣಿಸಬಹುದು. ಆಗ ಆ ಸಂಸ್ಥೆ ತಾನೇ ಪಾಠ ಹೇಳುತ್ತದೆ, ತಾನೇ ಪ್ರಶ್ನಪತ್ರಿಕೆ ತಯಾರಿಸುತ್ತದೆ, ತಾನೇ ಪದವಿ ಕೊಡುತ್ತದೆ. ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರ ನಂತರ 2017ರಲ್ಲಿ ಅನುದಾನ ಆಯೋಗ ಇಂಥ ಸಂಸ್ಥೆಗಳು ಹೆಸರಿನ ಜೊತೆಗೆ ಬರಿಯ 'ವಿಶ್ವವಿದ್ಯಾಲಯ' ಎಂದು ಬರೆದುಕೊಳ್ಳಬಾರದು, 'ಡೀಮ್ಡ್' ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು ಎಂದು ಸೂಚಿಸಿತು.

ಈ ಸ್ವಾತಂತ್ರ್ಯವನ್ನು ಕೊಟ್ಟದ್ದು ಯಾವುದಕ್ಕೆ? ಹೊಸ ರೀತಿಯಲ್ಲಿ ಕಲಿಸಲೆಂದು. ನೂರಾರು ಕಾಲೇಜುಗಳನ್ನು ಒಟ್ಟಿಗೆ ಎಳೆಯಬೇಕಾದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸಾಧ್ಯವಾಗದ ಪ್ರಯೋಗಗಳನ್ನು ಚಿಕ್ಕ ವಿಶ್ವವಿದ್ಯಾಲಯ ಮಾಡಬಹುದು. ಆದರೆ ಅದೇ ಸ್ವಾತಂತ್ರ್ಯದಲ್ಲಿ ಒಂದು ಅಪಾಯವೂ ಅಡಗಿದೆ. ಕಲಿಸುವವರೇ ಪರೀಕ್ಷಿಸುವಾಗ ವಿದ್ಯಾರ್ಥಿಯ ಸೋಲು ಸಂಸ್ಥೆಯ ಸೋಲೂ ಆಗುತ್ತದೆ. ಹೊರಗಿನ ಪರೀಕ್ಷಕರು ಇರಬೇಕೆಂಬ ನಿಯಮವೇನೋ ಇದೆ. ಆದರೆ ಅವರನ್ನು ಆರಿಸಿ ಕರೆಯುವುದೂ ಅದೇ ವಿಶ್ವವಿದ್ಯಾಲಯ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯಲ್ಲಿ ದೇಶದ ಎಲ್ಲ ವೈದ್ಯ ಪದವೀಧರರಿಗೂ ಒಂದೇ ನಿರ್ಗಮನ ಪರೀಕ್ಷೆ ಇರಬೇಕೆಂದು ಹೇಳಿದ್ದು ಈ ಕೊರತೆಯನ್ನು ತುಂಬುವುದಕ್ಕೇ. ಅದು ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ.

ಒಂದು ಹಾವು, ಐದು ವಿಭಾಗ

ಬೋಧನಾ ಕ್ರಮ ಎಂದರೇನು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಹಾವಿನ ಕಡಿತ ನಮ್ಮ ಜಿಲ್ಲೆಗೆ ಹೊಸದಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಹಳೆಯ ಪದ್ಧತಿಯಲ್ಲಿ ವಿದ್ಯಾರ್ಥಿ ಇದನ್ನು ಹೇಗೆ ಕಲಿಯುತ್ತಾನೆ? ಮೊದಲ ವರ್ಷ ಶರೀರಕ್ರಿಯಾಶಾಸ್ತ್ರದಲ್ಲಿ ರಕ್ತ ಹೆಪ್ಪುಗಟ್ಟುವ ಅಂಶಗಳ ಪಟ್ಟಿ. ಜೀವರಸಾಯನಶಾಸ್ತ್ರದಲ್ಲಿ ಕಿಣ್ವಗಳು. ಆಮೇಲೆ ಔಷಧಶಾಸ್ತ್ರದಲ್ಲಿ ನಿಯೋಸ್ಟಿಗ್ಮಿನ್, ಅಟ್ರೋಪಿನ್. ನ್ಯಾಯವೈದ್ಯಶಾಸ್ತ್ರದಲ್ಲಿ ವಿಷಗಳ ವರ್ಗೀಕರಣ. ಕೊನೆಗೆ ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆ. ಐದು ವಿಭಾಗಗಳು, ಹಲವು ಪಠ್ಯಪುಸ್ತಕಗಳು, ನಡುವೆ ವರ್ಷಗಳ ಅಂತರ. ಹಾವು ಮಾತ್ರ ಒಂದೇ. ಕಡೆಯ ವರ್ಷಕ್ಕೆ ಬರುವ ಹೊತ್ತಿಗೆ ಮೊದಲ ವರ್ಷದ ಪಟ್ಟಿ ಮರೆತುಹೋಗಿರುತ್ತದೆ.

ಈಗ ಇದನ್ನೇ ತಲೆಕೆಳಗು ಮಾಡಿ. ಮೊದಲ ವರ್ಷದ ಎಂಟು ಹತ್ತು ವಿದ್ಯಾರ್ಥಿಗಳ ಮುಂದೆ ಒಂದು ಸಮಸ್ಯೆ ಇಡಿ: ಸಂಜೆ ಕಬ್ಬಿಗೆ ನೀರು ಹಾಯಿಸುತ್ತಿದ್ದವನಿಗೆ ಕಾಲಿಗೆ ಏನೋ ಕಚ್ಚಿದೆ. ಪಾದ ಊದಿದೆ, ವಸಡಿನಿಂದ ರಕ್ತ ಜಿನುಗುತ್ತಿದೆ. ಹಾವನ್ನು ಯಾರೂ ನೋಡಿಲ್ಲ. ಆಸ್ಪತ್ರೆಯಲ್ಲಿ ದೊಡ್ಡ ಪ್ರಯೋಗಾಲಯವಿಲ್ಲ. ನೀವು ಏನು ಮಾಡುವಿರಿ?

ಇದಕ್ಕೆ ಬೇಕಾದ ಉಪಕರಣ ಒಂದು ಗಾಜಿನ ಪ್ರನಾಳ ಮತ್ತು ಒಂದು ಗಡಿಯಾರ, ಅಷ್ಟೇ. ಹೊಸದಾದ, ಸ್ವಚ್ಛವಾದ, ಒಣಗಿದ ಗಾಜಿನ ಪ್ರನಾಳದಲ್ಲಿ ಸುಮಾರು 2 ಮಿಲಿಲೀಟರ್ ರಕ್ತ ತೆಗೆದು, ಕೋಣೆಯ ತಾಪದಲ್ಲಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಅನಂತರ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಇನ್ನೂ ನೀರಾಗಿಯೇ ಹರಿದರೆ ವಿಷ ಹೆಪ್ಪುಗಟ್ಟಿಸುವ ಅಂಶಗಳನ್ನು ತಿಂದುಹಾಕಿದೆ ಎಂದರ್ಥ. ಕೊಳಕುಮಂಡಲ ಅಥವಾ ಗರಗಸ ಮಂಡಲದ ಕಡಿತವೆಂದು ಅನುಮಾನಿಸಿ ಪ್ರತಿವಿಷ ಕೊಡಬೇಕು.

ಇಲ್ಲಿಂದ ಪ್ರಶ್ನೆಗಳು ಹುಟ್ಟುತ್ತವೆ. ಗಾಜೇ ಏಕೆ, ಪ್ಲಾಸ್ಟಿಕ್ ಏಕಾಗದು? ಗಾಜಿನ ಮೈಯ ಸ್ಪರ್ಶದಿಂದಲೇ ರಕ್ತದ ಹೆಪ್ಪುಗಟ್ಟುವ ಸರಪಣಿ ಚಾಲನೆಗೊಳ್ಳುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹಾಗಾಗದು. ಸಾಬೂನು ಪುಡಿಯಲ್ಲಿ ತೊಳೆದ ಪ್ರನಾಳ ಏಕೆ ಬೇಡ? ಉಳಿದ ಮಾರ್ಜಕ ಆ ಮೈಯನ್ನು ಕೆಡಿಸಿ ತಪ್ಪು ಫಲಿತಾಂಶ ಕೊಡಬಹುದು. ರಕ್ತ ಸರಿಯಾಗಿ ಹೆಪ್ಪುಗಟ್ಟಿದರೆ ರೋಗಿ ಪಾರಾದನೆ? ಇಲ್ಲ. ಕಟ್ಟುಹಾವಿನ ವಿಷ ನರಗಳನ್ನು ಹಿಡಿಯುವಂಥದು. ಅದರಲ್ಲಿ ಈ ಪರೀಕ್ಷೆ ಸಹಜವಾಗಿಯೇ ಇರುತ್ತದೆ. ನೆಲದ ಮೇಲೆ ಮಲಗಿದ್ದವನಿಗೆ ರಾತ್ರಿ ಕಚ್ಚಿರುತ್ತದೆ, ಊತವಿಲ್ಲ, ನೋವೂ ಅಷ್ಟಿಲ್ಲ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋಲುವುದು, ಉಸಿರು ಕಟ್ಟುವುದು. ಹಾಗಾದರೆ ಪರೀಕ್ಷೆಯ ಜೊತೆಗೆ ರೋಗಿಯ ಕಣ್ಣನ್ನೂ ನೋಡಬೇಕು, ಎಲ್ಲಿ ಮಲಗಿದ್ದ ಎಂದೂ ಕೇಳಬೇಕು.

ಹೀಗೆ ಒಂದು ಪ್ರನಾಳದ ಸುತ್ತ ಐದು ವಿಭಾಗಗಳೂ ಒಟ್ಟಾಗಿ ಬಂದವು ತಾನೆ? ವಿದ್ಯಾರ್ಥಿ ಹೆಪ್ಪುಗಟ್ಟುವ ಅಂಶಗಳನ್ನು ಈಗಲೂ ಕಲಿಯುತ್ತಾನೆ, ಆದರೆ ಏಕೆ ಕಲಿಯಬೇಕೆಂದು ತಿಳಿದು ಕಲಿಯುತ್ತಾನೆ. ಇದನ್ನೇ ಸಮಸ್ಯಾಧಾರಿತ ಕಲಿಕೆ, ಸಮಗ್ರ ಬೋಧನೆ ಎಂದು ಕರೆಯುವುದು.

ಹೆಸರು ಮತ್ತು ಲೆಕ್ಕ

ಸಮಸ್ಯಾಧಾರಿತ ಕಲಿಕೆಯನ್ನು ವ್ಯವಸ್ಥಿತವಾಗಿ ಆರಂಭಿಸಿದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ, 1969ರಲ್ಲಿ. ನೆದರ್ಲೆಂಡಿನ ಮಾಸ್ಟ್ರಿಕ್ಟ್ 1974ರಲ್ಲಿ ಅದನ್ನು ಅನುಸರಿಸಿತು. ನಮ್ಮ ಹಲವು ಖಾಸಗಿ ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಿಕೆಗಳಲ್ಲಿ ಈ ಹೆಸರು ತಪ್ಪದೆ ಕಾಣುತ್ತದೆ. ಆದರೆ ವಿಜ್ಞಾನದ ವಿದ್ಯಾರ್ಥಿ ಹೆಸರಿಗೆ ಮರುಳಾಗಬಾರದು, ಪುರಾವೆ ಕೇಳಬೇಕು.

ಪುರಾವೆ ಏನು ಹೇಳುತ್ತದೆ? 1993ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಎರಡು ಸಮೀಕ್ಷೆಗಳು ಪ್ರಕಟವಾದವು. ಈ ಕ್ರಮದಲ್ಲಿ ಕಲಿತವರು ರೋಗಿಗಳ ನಿರ್ವಹಣೆಯಲ್ಲಿ ಸ್ವಲ್ಪ ಮುಂದಿದ್ದರು, ಕಲಿಕೆಯನ್ನು ಹೆಚ್ಚು ಇಷ್ಟಪಟ್ಟರು. ಆದರೆ ಮೂಲವಿಜ್ಞಾನದ ಪರೀಕ್ಷೆಗಳಲ್ಲಿ ಕೆಲವೊಮ್ಮೆ ಹಿಂದೆ ಬಿದ್ದರು. ಅಂದರೆ ಇದು ಮಂತ್ರದಂಡವಲ್ಲ. ಶಿಕ್ಷಕನ ಸಿದ್ಧತೆ ಸಾಲದಿದ್ದರೆ ಗುಂಪು ಚರ್ಚೆ ಹರಟೆಯಾಗುತ್ತದೆ. ತಳಪಾಯದಲ್ಲಿ ಬಿರುಕು ಉಳಿಯುತ್ತದೆ.

ಇನ್ನು ಲೆಕ್ಕ ಹಾಕಿ ನೋಡಿ. ಒಂದು ತರಗತಿಯಲ್ಲಿ 200 ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳೋಣ. ಗುಂಪಿಗೆ ಎಂಟು ಹತ್ತು ಜನರಂತೆ 20ರಿಂದ 25 ಗುಂಪುಗಳಾಗುತ್ತವೆ. ಏಕಕಾಲದಲ್ಲಿ ಅಷ್ಟೇ ಮಂದಿ ತರಬೇತಾದ ಮಾರ್ಗದರ್ಶಕರು, ಅಷ್ಟೇ ಕೋಣೆಗಳು ಬೇಕು. ಉಪನ್ಯಾಸಕ್ಕಾದರೋ ಒಬ್ಬ ಪ್ರಾಧ್ಯಾಪಕ, ಒಂದು ದೊಡ್ಡ ಸಭಾಂಗಣ ಸಾಕು. ಸೀಟುಗಳ ಸಂಖ್ಯೆ ಹೆಚ್ಚಿದಷ್ಟೂ ಸಂಸ್ಥೆಯ ಆದಾಯ ಹೆಚ್ಚುತ್ತದೆ. ಚಿಕ್ಕ ಗುಂಪುಗಳ ಕಲಿಕೆ ಕಷ್ಟವಾಗುತ್ತದೆ. ಖಾಸಗಿ ವಿಶ್ವವಿದ್ಯಾಲಯದ ಬೋಧನಾ ಕ್ರಮದ ಮೂಲ ವಿರೋಧಾಭಾಸ ಇದೇ. ಆದ್ದರಿಂದ 'ನಮ್ಮಲ್ಲಿ ಸಮಸ್ಯಾಧಾರಿತ ಕಲಿಕೆ ಇದೆ' ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಮರುಪ್ರಶ್ನೆ: ಗುಂಪಿಗೆ ಎಷ್ಟು ಜನ? ವಾರಕ್ಕೆ ಎಷ್ಟು ಗಂಟೆ? ಪರೀಕ್ಷೆಯಲ್ಲಿ ಅದಕ್ಕೆ ಎಷ್ಟು ಅಂಕ?

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಪರೀಕ್ಷೆ ಎತ್ತ ಎಳೆಯುತ್ತದೋ ಕಲಿಕೆ ಅತ್ತ ಹೋಗುತ್ತದೆ ಎಂಬುದು ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಪಾಠ ಹೇಳುವ ನಿಮಗೆ ಗೊತ್ತೇ ಇದೆ.

2,949 ಸಾಮರ್ಥ್ಯಗಳು

1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಶಿಕ್ಷಣ ತಜ್ಞರು ನಾಲ್ಕು ಮೆಟ್ಟಿಲುಗಳ ಒಂದು ಪಿರಮಿಡ್ಡನ್ನು ಮುಂದಿಟ್ಟರು. ತಳದಲ್ಲಿ 'ತಿಳಿದಿದೆ'. ಅದರ ಮೇಲೆ 'ಹೇಗೆಂದು ತಿಳಿದಿದೆ'. ಮೂರನೆಯದು 'ಮಾಡಿ ತೋರಿಸಬಲ್ಲ'. ತುದಿಯಲ್ಲಿ 'ನಿತ್ಯ ಕೆಲಸದಲ್ಲಿ ಮಾಡುತ್ತಾನೆ'. ಲಿಖಿತ ಪರೀಕ್ಷೆ ಕೆಳಗಿನ ಎರಡು ಮೆಟ್ಟಿಲುಗಳನ್ನು ಮಾತ್ರ ಮುಟ್ಟುತ್ತದೆ.

ನಮ್ಮ ದೇಶದಲ್ಲಿ 2019ರಲ್ಲಿ ಸೇರಿದ ಎಂ.ಬಿ.ಬಿ.ಎಸ್. ತಂಡದಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮಕ್ಕೆ ಈ ಪಿರಮಿಡ್ಡೇ ಆಧಾರ. 1997ರ ನಿಯಮಗಳ ನಂತರ ಆದ ದೊಡ್ಡ ಬದಲಾವಣೆ ಇದು. ಮೊದಲ ವರ್ಷವೇ ರೋಗಿಯ ದರ್ಶನ, ಪ್ರವೇಶದ ಹೊತ್ತಿನಲ್ಲಿ ಅಡಿಪಾಯ ತರಗತಿಗಳು, ನಡವಳಿಕೆ-ನೀತಿ-ಸಂವಹನಗಳ ಪಾಠ ಇವೆಲ್ಲ ಸೇರಿದವು. ಆಮೇಲೆ ಗ್ರಾಮದ ಕುಟುಂಬಗಳನ್ನು ವಿದ್ಯಾರ್ಥಿ ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ಗಮನಿಸುವ ಕಾರ್ಯಕ್ರಮವೂ ಬಂತು. ಸರ್ಕಾರಿ ಕಾಲೇಜಾಗಲಿ ಬಿ.ಎಲ್.ಡಿ.ಇ.ಯಂಥ ಡೀಮ್ಡ್ ಸಂಸ್ಥೆಯಾಗಲಿ, ಎಲ್ಲರಿಗೂ ಇದು ಕಡ್ಡಾಯ.

ಉದ್ದೇಶ ಒಳ್ಳೆಯದು. ಆದರೆ 2019ರ ಈ ಪಠ್ಯಕ್ರಮದ ಮೂರು ಸಂಪುಟಗಳಲ್ಲಿದ್ದ ಸಾಮರ್ಥ್ಯಗಳ ಸಂಖ್ಯೆ 2,949. ನಾಲ್ಕೂವರೆ ವರ್ಷ ಎಂದರೆ 54 ತಿಂಗಳು. ಭಾಗಿಸಿದರೆ ತಿಂಗಳಿಗೆ ಸುಮಾರು 55, ಕೆಲಸದ ದಿನಕ್ಕೆ ಎರಡಕ್ಕೂ ಹೆಚ್ಚು. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ಸಹಿ ಹಾಕಬೇಕಿಲ್ಲ, ನಿಜ. ಆದರೂ ಇಷ್ಟು ಉದ್ದದ ಪಟ್ಟಿ ಕೈಗೆ ಬಂದಾಗ ದಾಖಲೆ ಪುಸ್ತಕ ತುಂಬುವುದೇ ಕಲಿಕೆಯಾಗುವ ಅಪಾಯವಿದೆ. ನಮ್ಮ ಪ್ರೌಢಶಾಲೆಗಳ ಪ್ರಯೋಗ ಪುಸ್ತಕಗಳಿಗೆ ಆದ ಗತಿಯನ್ನು ನೆನೆಯಿರಿ. ಪ್ರಯೋಗ ಮಾಡದಿದ್ದರೂ ವಾಚನಾಂಕಗಳು ತಪ್ಪಿಲ್ಲದೆ ಇರುತ್ತವೆ!

ಮೂರನೆಯ ಮೆಟ್ಟಿಲನ್ನು ಅಳೆಯಲು ಒಂದು ಒಳ್ಳೆಯ ವಿಧಾನವಿದೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ವರದಿ ಮಾಡಿದ್ದು. ಹಲವು ನಿಲ್ದಾಣಗಳಿರುತ್ತವೆ. ವಿದ್ಯಾರ್ಥಿ ಒಂದೊಂದರಲ್ಲೂ ಕೆಲವು ನಿಮಿಷ ನಿಂತು ಒಂದು ಕೆಲಸ ಮಾಡಬೇಕು: ಒಂದರಲ್ಲಿ ರಕ್ತದೊತ್ತಡ ಅಳೆಯುವುದು, ಇನ್ನೊಂದರಲ್ಲಿ ಕ್ಷ-ಕಿರಣ ಚಿತ್ರ ಓದುವುದು, ಮತ್ತೊಂದರಲ್ಲಿ ರೋಗಿಗೆ ವಿವರಿಸುವುದು. ಎಲ್ಲರಿಗೂ ಒಂದೇ ಕೆಲಸ, ಒಂದೇ ಅಂಕಪಟ್ಟಿ. ಪರೀಕ್ಷಕನ ಮರ್ಜಿಗೆ ಅವಕಾಶ ಕಡಿಮೆ. ಆದರೆ ಇಲ್ಲೂ ಲೆಕ್ಕ ಬಿಡದು. ಐದು ನಿಮಿಷಗಳ 15 ನಿಲ್ದಾಣಗಳಿಗೆ 75 ನಿಮಿಷ ಬೇಕು. ಒಂದು ಸುತ್ತಿಗೆ 15 ವಿದ್ಯಾರ್ಥಿಗಳು. 200 ಮಂದಿಗೆ 14 ಸುತ್ತು, ಅಂದರೆ ಹದಿನೇಳೂವರೆ ಗಂಟೆ. ಎರಡು ಮೂರು ದಿನ ಅಷ್ಟೊಂದು ಪರೀಕ್ಷಕರನ್ನು ತೊಡಗಿಸಲು ಸಂಸ್ಥೆ ಸಿದ್ಧವಿದೆಯೆ? ಕಲಿಕೆಯ ಬಗೆಗಿನ ಕಾಳಜಿಯನ್ನು ಅಳೆಯಲು ಇದು ಕಟ್ಟಡಕ್ಕಿಂತ ಒಳ್ಳೆಯ ಅಳತೆಗೋಲು.

ಕೌಶಲ ಪ್ರಯೋಗಾಲಯಗಳ ಗೊಂಬೆಗಳ ಬಗೆಗೂ ಒಂದು ಮಾತು. ನಿಂತ ಹೃದಯವನ್ನು ಒತ್ತಿ ಚಾಲನೆ ಕೊಡುವ ಕ್ರಮವನ್ನು ಗೊಂಬೆಯ ಮೇಲೆಯೇ ಕಲಿಯಬೇಕು. ನಿಮಿಷಕ್ಕೆ 100ರಿಂದ 120 ಸಲ, ಎದೆ 5ರಿಂದ 6 ಸೆಂಟಿಮೀಟರ್ ತಗ್ಗುವಂತೆ ಒತ್ತಬೇಕು. ಆಳ ಸಾಲದಿದ್ದರೆ ಗೊಂಬೆ ತೋರಿಸುತ್ತದೆ. ಇದನ್ನು ಮೊದಲ ಸಲ ಮನುಷ್ಯನ ಮೇಲೆ ಕಲಿಯುವುದು ಸಲ್ಲದು. ಆದರೆ ಗೊಂಬೆ ನರಳುವುದಿಲ್ಲ, ಹೆದರುವುದಿಲ್ಲ, ಖರ್ಚಿನ ಚಿಂತೆ ಮಾಡುವುದಿಲ್ಲ. ಮುಖ್ಯವಾಗಿ, ಗೊಂಬೆ ಕನ್ನಡ ಮಾತಾಡುವುದಿಲ್ಲ.

ಹಾಸಿಗೆಯ ಪಕ್ಕದ ಕನ್ನಡ

ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದು. ಅದೇ ವರ್ಷದಿಂದ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳು ಕೇಂದ್ರದ ಕೌನ್ಸೆಲಿಂಗ್ ಮೂಲಕ ಹಂಚಿಕೆಯಾಗುತ್ತಿವೆ. ಇದರಿಂದ ಪ್ರವೇಶದಲ್ಲಿ ಪಾರದರ್ಶಕತೆ ಬಂದದ್ದು ನಿಜ. ದೇಶದ ಮೂಲೆ ಮೂಲೆಗಳಿಂದ ವಿದ್ಯಾರ್ಥಿಗಳು ವಿಜಯಪುರಕ್ಕೆ ಬರುವುದೂ ಸಂತೋಷದ ಸಂಗತಿಯೇ. ಆದರೆ ಅವರ ಮುಂದೆ ಕುಳಿತುಕೊಳ್ಳುವ ರೋಗಿಗಳು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಆಲಮೇಲಗಳವರು.

ಅವರು ಹೇಗೆ ಮಾತಾಡುತ್ತಾರೆ? 'ದಮ್ಮು ಹತ್ತತದ್ರಿ', 'ಕೈಕಾಲು ಹರಿತಾವ್ರಿ', 'ಎದಿ ಹಿಡದದ್ರಿ', 'ಸಂಡಾಸ ಹತ್ತ್ಯಾವ್ರಿ'. ದಮ್ಮು ಎಂದರೆ ಏದುಸಿರು. ಕೈಕಾಲು ಹರಿಯುವುದು ಎಂದರೆ ಸೆಳೆತ, ನೋವು. ಬೆಂಗಳೂರಿನಿಂದ ಬಂದ ಕನ್ನಡಿಗನಿಗೂ ಇದು ಕೂಡಲೇ ತಿಳಿಯದು. 'ಎದಿ ಹಿಡದದ' ಎಂಬುದು ಹೃದಯದ ನೋವಿರಬಹುದು, ವಾಯುವಿರಬಹುದು, ಭಾರ ಎತ್ತಿ ಸ್ನಾಯು ಹಿಡಿದದ್ದಿರಬಹುದು. ಇದನ್ನು ಬಿಡಿಸಿ ತಿಳಿಯಲು ಯಂತ್ರಕ್ಕಿಂತ ಮೊದಲು ಮಾತು ಬೇಕು. 'ಅಜ್ಜಾರ, ಯಾವಾಗಿಂದ ಹಿಂಗಾಗ್ಯದ? ನಡೆದ್ರ ಹೆಚ್ಚಾಗತದೇನು?' ಎಂದು ಕೇಳಬಲ್ಲ ವಿದ್ಯಾರ್ಥಿ ಅರ್ಧ ರೋಗನಿದಾನ ಮಾಡಿದಂತೆಯೇ. ಕೇಳಲಾರದವನು ದಾದಿಯನ್ನೋ ಸಹಪಾಠಿಯನ್ನೋ ದುಭಾಷಿಯಾಗಿ ನಿಲ್ಲಿಸಿಕೊಳ್ಳುತ್ತಾನೆ. ಅರ್ಥ ಅಲ್ಲಿಯೇ ಅರ್ಧ ಸೋರಿಹೋಗುತ್ತದೆ.

ಅಡಿಪಾಯ ತರಗತಿಗಳಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ಆದರೆ ಕೆಲವು ಗಂಟೆಗಳ ಭಾಷಾಪಾಠದಿಂದ ಏನಾದೀತು? ಪರೀಕ್ಷೆಯಲ್ಲಿ ಅದಕ್ಕೆ ಸ್ಥಾನವಿಲ್ಲದಿದ್ದರೆ ಅದು ಒಂದು ಶಾಸ್ತ್ರ ಮುಗಿಸಿದಂತೆ. ಇಲ್ಲಿಯೇ ಡೀಮ್ಡ್ ಸ್ಥಾನದ ಸ್ವಾತಂತ್ರ್ಯ ಉಪಯೋಗಕ್ಕೆ ಬರಬೇಕು. ಪ್ರಾಯೋಗಿಕ ಪರೀಕ್ಷೆಯ ಒಂದು ನಿಲ್ದಾಣದಲ್ಲಿ ದುಭಾಷಿಯ ನೆರವಿಲ್ಲದೆ ಕನ್ನಡದಲ್ಲಿ ರೋಗಚರಿತ್ರೆ ಕೇಳಬೇಕು ಎಂದು ವಿಶ್ವವಿದ್ಯಾಲಯ ತಾನೇ ಗೊತ್ತುಮಾಡಬಹುದು. ಅದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಯಂತ್ರ ಬೇಡ. ಕನ್ನಡದ ವಚನಗಳನ್ನು ಉಳಿಸಲು ಆಸ್ತಿಪಾಸ್ತಿಯ ಕಡೆ ನೋಡದೆ ದುಡಿದ ಹಳಕಟ್ಟಿಯವರು ಕಟ್ಟಿದ ಸಂಸ್ಥೆಯ ಪರಂಪರೆಯಲ್ಲಿ ಬೆಳೆದ ವಿಶ್ವವಿದ್ಯಾಲಯಕ್ಕೆ ಇದು ಭಾರವಾಗಬಾರದು. ಸಭೆ ಸಮಾರಂಭಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕುವುದಕ್ಕಿಂತ ವಾರ್ಡಿನಲ್ಲಿ ಕನ್ನಡ ಕೇಳಿಸುವುದು ಹೆಚ್ಚಿನ ಗೌರವ.

ಕುಟುಂಬ ದತ್ತು ಕಾರ್ಯಕ್ರಮದ ಮಾತೂ ಇದೇ. ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಹಳ್ಳಿಯ ಮನೆಗೆ ಹೋದ ವಿದ್ಯಾರ್ಥಿ ಮಕ್ಕಳ ಹಲ್ಲಿನ ಕಂದುಗೆರೆಗಳನ್ನು ನೋಡಿ, ಆ ಮನೆಯ ನೀರಿನ ಮಾದರಿ ತಂದು ಪ್ರಯೋಗಾಲಯದಲ್ಲಿ ಅಳೆದು, ಫಲಿತಾಂಶವನ್ನು ಮನೆಯವರಿಗೆ ಅವರ ಮಾತಿನಲ್ಲಿ ತಿಳಿಸಿದರೆ ಅದು ಕಲಿಕೆ. ನಮೂನೆ ತುಂಬಿ, ಛಾಯಾಚಿತ್ರ ತೆಗೆಸಿಕೊಂಡು ಬಸ್ಸು ಹತ್ತಿದರೆ ಅದು ಪ್ರವಾಸ.

ಶುಲ್ಕವೂ ಪಾಠ ಹೇಳುತ್ತದೆ

ಬೋಧನಾ ಕ್ರಮವನ್ನು ಚರ್ಚಿಸುವಾಗ ಹಣದ ಮಾತು ಏಕೆ ಎಂದು ನೀವು ಕೇಳಬಹುದು. ಫ್ಲೆಕ್ಸ್‌ನರ್ ಅವೆರಡನ್ನೂ ಬೇರ್ಪಡಿಸಲಿಲ್ಲ. ನಾವೂ ಬೇರ್ಪಡಿಸಲಾಗದು.

ಖಾಸಗಿ ವೈದ್ಯಕೀಯ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕ 1984ರಲ್ಲಿಯೇ ಕಾನೂನಿನಿಂದ ನಿಷೇಧಿಸಿತು. 1992ರ ಮೋಹಿನಿ ಜೈನ್ ಪ್ರಕರಣ, 2002ರ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣ - ಶಿಕ್ಷಣ ಮತ್ತು ಹಣದ ಸಂಬಂಧವನ್ನು ಕುರಿತ ಸರ್ವೋಚ್ಚ ನ್ಯಾಯಾಲಯದ ದೊಡ್ಡ ತೀರ್ಪುಗಳು ಎರಡೂ ಕರ್ನಾಟಕದಿಂದ ಹೋದಂಥವು. ಖಾಸಗಿಯವರಿಗೆ ಸಂಸ್ಥೆ ನಡೆಸುವ ಹಕ್ಕಿದೆ, ಆದರೆ ಲಾಭಕೋರತನ ಸಲ್ಲದು ಎಂಬುದು 2002ರ ತೀರ್ಪಿನ ಒಂದು ಮುಖ್ಯ ಸಾರ. ಇಷ್ಟಾದರೂ ದೇಶದ ಹಲವು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಎಂ.ಬಿ.ಬಿ.ಎಸ್. ವಾರ್ಷಿಕ ಶುಲ್ಕ ಇಪ್ಪತ್ತು ಲಕ್ಷ ರೂಪಾಯಿ ದಾಟಿದೆ. ಆಲಮೇಲದ ರೈತನ ಮಗಳಿಗೆ ನೀಟ್‌ನಲ್ಲಿ ಒಳ್ಳೆಯ ಅಂಕ ಬಂದರೂ ಆ ಬಾಗಿಲು ತೆರೆಯುವುದು ಕಷ್ಟ.

ಇದರ ಪರಿಣಾಮ ತರಗತಿಯೊಳಗೂ ಬರುತ್ತದೆ. ಕೋಟಿ ರೂಪಾಯಿ ಸುರಿದು ಬಂದ ವಿದ್ಯಾರ್ಥಿಗೆ ಹಾವಿನ ಕಡಿತ, ಫ್ಲೋರೈಡ್ ನೀರು, ಬಾಣಂತಿಯ ರಕ್ತಹೀನತೆ ಇವು ತನ್ನ ಭವಿಷ್ಯದ ಭಾಗವೆಂದು ತೋರುವುದು ಕಷ್ಟ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಬಹುಆಯ್ಕೆ ಪ್ರಶ್ನೆಗಳು ಅವನ ಕಣ್ಣ ಮುಂದಿರುತ್ತವೆ. ನೀಟ್‌ನ 180 ನಿಮಿಷಗಳಲ್ಲಿ 180 ಪ್ರಶ್ನೆ ಗುರುತಿಸಿ ಬಂದವನು ಮತ್ತೆ ಅಂಥದೇ ಪರೀಕ್ಷೆಯತ್ತ ಹೊರಡುತ್ತಾನೆ. ವಾರ್ಡು ನಡುವೆ ಸಿಗುವ ತಂಗುದಾಣ ಮಾತ್ರ. 2025ರಲ್ಲಿ ವಿಜಯಪುರದ ಜನ ಖಾಸಗಿ ಸಹಭಾಗಿತ್ವ ಬೇಡ, ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ದೀರ್ಘ ಕಾಲ ಧರಣಿ ಕೂತದ್ದರ ಹಿಂದೆ ಈ ಅರಿವಿದೆ. ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲೇ ಈ ಬೇಡಿಕೆ ಎದ್ದದ್ದು ಯೋಚಿಸಬೇಕಾದ ವಿಷಯ.

ನ್ಯಾಯವಾಗಿ ಹೇಳಬೇಕಾದ್ದು

ವಿಮರ್ಶೆ ಒಂದೇ ಕಡೆಗೆ ವಾಲಬಾರದು. 1986ಕ್ಕೆ ಮೊದಲು ಈ ಬರದ ಜಿಲ್ಲೆಯಲ್ಲಿ ತಜ್ಞ ವೈದ್ಯರು ಎಷ್ಟಿದ್ದರು ಎಂದು ಹಿರಿಯರನ್ನು ಕೇಳಿ. ಸೊಲ್ಲಾಪುರ, ಮಿರಜಗಳಿಗೆ ರೋಗಿಯನ್ನು ಹೊತ್ತು ಹೋಗುತ್ತಿದ್ದ ಕಾಲ ಅದು. ಬೋಧಕ ಆಸ್ಪತ್ರೆ ಎದ್ದ ಮೇಲೆ ಅನೇಕ ವಿಭಾಗಗಳ ತಜ್ಞರು ಒಂದೆಡೆ ನೆಲೆಸಿದರು. ರೋಗಿಗೂ ಕಲಿಯುವವನಿಗೂ ಇದರಿಂದ ಪ್ರಯೋಜನವಾಗಿದೆ. ಸರ್ಕಾರಿ ಕಾಲೇಜು ಎಂದ ಮಾತ್ರಕ್ಕೆ ಕಲಿಕೆ ಒಳ್ಳೆಯದಾಗಿಯೇ ಇರುತ್ತದೆ ಎಂದೂ ಇಲ್ಲ. ಖಾಲಿ ಬಿದ್ದ ಬೋಧಕ ಹುದ್ದೆಗಳು ಅಲ್ಲಿಯ ಹಳೆಯ ರೋಗ. ಪರಿಶೀಲನಾ ವ್ಯವಸ್ಥೆಯೂ ಕಳಂಕರಹಿತವಲ್ಲ. ಭ್ರಷ್ಟಾಚಾರದ ಆರೋಪದಲ್ಲಿ ಅಧ್ಯಕ್ಷರ ಬಂಧನವಾದ ಮೇಲೆ 2010ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತನ್ನೇ ಸರ್ಕಾರ ವಿಸರ್ಜಿಸಬೇಕಾಯಿತು. 2020ರಲ್ಲಿ ಅದರ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು.

ಆದ್ದರಿಂದ ಖಾಸಗಿಯೋ ಸರ್ಕಾರಿಯೋ ಎಂಬ ಒಂದೇ ಪ್ರಶ್ನೆಗೆ ಚರ್ಚೆ ನಿಲ್ಲಬಾರದು. ಸ್ವಾಯತ್ತತೆ ಪಡೆದ ಸಂಸ್ಥೆ ಅದನ್ನು ಯಾವುದಕ್ಕೆ ಬಳಸಿದೆ ಎಂದು ಕೇಳಬೇಕು. ಶುಲ್ಕ ನಿಗದಿಗೆ ಬಳಸಿದ್ದು ಎಷ್ಟು, ಕಲಿಕೆ ಸುಧಾರಣೆಗೆ ಬಳಸಿದ್ದು ಎಷ್ಟು?

ನೀವು ಕೇಳಬೇಕಾದ ಪ್ರಶ್ನೆಗಳು

ನಿಮ್ಮ ವಿದ್ಯಾರ್ಥಿಯೋ ತಮ್ಮನೋ ತಂಗಿಯೋ ವೈದ್ಯಕೀಯ ಸೀಟು ಆರಿಸುವ ಹೊತ್ತಿನಲ್ಲಿ, ಯಾವ ಸಂಸ್ಥೆಯೇ ಆಗಲಿ, ಈ ಆರು ಪ್ರಶ್ನೆಗಳನ್ನು ಕೇಳಿ.

1. ವಾರ್ಡಿನಲ್ಲಿ ಒಬ್ಬ ಶಿಕ್ಷಕರ ಸುತ್ತ ಎಷ್ಟು ವಿದ್ಯಾರ್ಥಿಗಳು ನಿಲ್ಲುತ್ತಾರೆ?

2. ವಿದ್ಯಾರ್ಥಿಗೆ ಮೊದಲ ರೋಗಿಯ ಜೊತೆ ಮಾತಾಡುವ ಅವಕಾಶ ಯಾವಾಗ ಸಿಗುತ್ತದೆ? ಯಾವ ಭಾಷೆಯಲ್ಲಿ?

3. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾಡಿ ತೋರಿಸುವ ಕೆಲಸಗಳು ಎಷ್ಟು? ಹೊರಗಿನ ಪರೀಕ್ಷಕರು ಎಲ್ಲಿಯವರು?

4. ಜಿಲ್ಲೆಯ ಸಾಮಾನ್ಯ ಕಾಯಿಲೆಗಳಿಗೆ ಪಾಠದಲ್ಲೂ ಸಂಶೋಧನೆಯಲ್ಲೂ ಎಷ್ಟು ಸ್ಥಾನವಿದೆ?

5. ಹಿಂದಿನ ವರ್ಷಗಳ ಪದವೀಧರರಲ್ಲಿ ಎಷ್ಟು ಮಂದಿ ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದ್ದಾರೆ?

6. ಅನುತ್ತೀರ್ಣರಾದವರಿಗೆ ಏನು ನೆರವಿದೆ? ಯಾರೂ ಅನುತ್ತೀರ್ಣರಾಗುವುದೇ ಇಲ್ಲವಾದರೆ, ಏಕೆ?

ಉತ್ತರಗಳನ್ನು ಸಂಸ್ಥೆಗಳು ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಲಿ. ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯವೇ ಮೊದಲು ಪ್ರಕಟಿಸಿದರೆ ಉಳಿದವಕ್ಕೆ ಮೇಲ್ಪಂಕ್ತಿಯಾದೀತು.

ಶಿಕ್ಷಕರಿಗೆ ಕೊನೆಯದಾಗಿ ಒಂದು ಮಾತು. ಗಾಜಿನ ಪ್ರನಾಳವನ್ನು ಏಕೆ ಅಲುಗಾಡಿಸಬಾರದು ಎಂದು ಕೇಳುವ ವೈದ್ಯ ವಿದ್ಯಾರ್ಥಿ ಇದ್ದಕ್ಕಿದ್ದಂತೆ ಹುಟ್ಟುವುದಿಲ್ಲ. ಎಂಟನೆಯ ತರಗತಿಯಲ್ಲಿ ಅವನ ಕೈಗೆ ಯಾರೋ ಪ್ರನಾಳ ಕೊಟ್ಟಿರಬೇಕು. ಅವನ 'ಏಕೆ'ಗೆ ಯಾರೋ ಬೈಯದೆ ಉತ್ತರಿಸಿರಬೇಕು. ವೈದ್ಯಕೀಯ ವಿಶ್ವವಿದ್ಯಾಲಯದಿಂದ ನಾವು ಕೇಳುವ ಕಲಿಕೆಯನ್ನು ನಮ್ಮ ಶಾಲೆಗಳಲ್ಲಿಯೂ ಆರಂಭಿಸೋಣ. ಪ್ರಶ್ನೆ ಕೇಳಲು ಕಲಿತ ಮಕ್ಕಳು ಅಲ್ಲಿಗೆ ಹೋದರೆ, ಉತ್ತರ ಕೊಡುವ ಹೊಣೆ ಆ ಸಂಸ್ಥೆಗಳ ಮೇಲೆ ತಾನಾಗಿಯೇ ಬೀಳುತ್ತದೆ.